ಮಾದರಿ ಯಾರದು, ಮಾತು ಯಾರದು

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ 1952ರಲ್ಲಿ ಪುಣೆಯಲ್ಲಿ ತೆರೆದಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದರು. ಮಂಗಗಳ ಸಾವು ಕಂಡು ಅವರಿಗೆ ಮೊದಲು ಹೊಳೆದದ್ದು, ಭಾರತಕ್ಕೆ ಎಂದೂ ಬಾರದಿದ್ದ ಹಳದಿ ಜ್ವರ. ಆದರೆ ಸಿಕ್ಕಿದ್ದು ಉಣ್ಣೆಹುಳುಗಳ ಮೂಲಕ ಹರಡುವ ಒಂದು ಹೊಸ ವೈರಸ್. ಅದರ ಹತ್ತಿರದ ಬಳಗ ಇದ್ದದ್ದು ರಷ್ಯಾದ ಕಾಡುಗಳಲ್ಲಿ. ಸೈಬೀರಿಯಾದ ಕಡೆಯ ವೈರಸ್ಸಿನ ನಂಟ ಮಲೆನಾಡಿಗೆ ಹೇಗೆ ಬಂತು? ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ? ಈ ಊಹೆ ಮುಂದೆ ದೃಢಪಡಲಿಲ್ಲ. ಆದರೂ ಅದು ಎತ್ತಿದ ಪ್ರಶ್ನೆ ಜೀವವಿಜ್ಞಾನಕ್ಕೆ ಮಾತ್ರ ಸೇರಿದ್ದಾಗಿ ಉಳಿಯಲಿಲ್ಲ. ಸೋಂಕು ಎಲ್ಲಿಂದ ಎಲ್ಲಿಗೆ ಪಯಣಿಸುತ್ತದೆ ಎಂಬುದು ಆಸ್ಪತ್ರೆಗೆ ಎಷ್ಟು ಬೇಕಾದ ಸಂಗತಿಯೋ ಸೇನೆಗೂ ಅಷ್ಟೇ ಬೇಕಾದ ಸಂಗತಿ. ಅಂದಿನಿಂದ ಇಂದಿನವರೆಗೆ ಜೈವಿಕ ಅಪಾಯಗಳ ಪತ್ತೆಯಲ್ಲಿ ವೈದ್ಯರೂ ಸೈನಿಕರೂ ಜತೆಯಾಗಿ ನಡೆದ ಹಾದಿಯನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಈ ಸಹಕಾರ ಫಲ ಕೊಟ್ಟಿತೋ ಕೆಟ್ಟಿತೋ ಎಂಬುದನ್ನು ನಿರ್ಧರಿಸಿದ್ದು ಹಣದ ಮೂಲವಲ್ಲ; ಸಂಗ್ರಹಿಸಿದ ಮಾದರಿ ಯಾರ ವಶದಲ್ಲಿತ್ತು, ಫಲಿತಾಂಶವನ್ನು ಬಾಯಿಬಿಟ್ಟು ಹೇಳುವ ಹಕ್ಕು ಯಾರಿಗಿತ್ತು ಎಂಬುದು.

ಈ ಜೋಡಿ ಬದುಕು ಹುಟ್ಟಿದ್ದು ಭಯದಿಂದ. ಅಮೆರಿಕದ ಸೇನೆ 1943ರಲ್ಲಿ ಮೇರಿಲ್ಯಾಂಡಿನ ಡೆಟ್ರಿಕ್ ಶಿಬಿರದಲ್ಲಿ ರೋಗಾಣು ಅಸ್ತ್ರಗಳ ಕೆಲಸ ಆರಂಭಿಸಿತ್ತು. ಕೊರಿಯಾ ಯುದ್ಧ ಶುರುವಾದಾಗ ಶತ್ರುವೂ ಅದೇ ಅಸ್ತ್ರ ಬಳಸಿದರೆ ಏನು ಗತಿ ಎಂಬ ಅಳುಕು ಹುಟ್ಟಿತು. ನಾಗರಿಕ ಆರೋಗ್ಯ ಇಲಾಖೆಯ ಅಲೆಕ್ಸಾಂಡರ್ ಲ್ಯಾಂಗ್‌ಮುಯಿರ್ ಆ ಅಳುಕನ್ನು ಚೆನ್ನಾಗಿ ಬಳಸಿಕೊಂಡರು. ಕೃತಕವಾಗಿ ಹರಡಿದ ರೋಗವನ್ನು ಹಿಡಿಯಬೇಕಾದರೂ ಮೊದಲು ಸಹಜವಾಗಿ ಹರಡುವ ರೋಗವನ್ನು ಬೆನ್ನಟ್ಟಬಲ್ಲ ವೈದ್ಯರು ಬೇಕು ಎಂದು ವಾದಿಸಿ, 1951ರಲ್ಲಿ ಸಾಂಕ್ರಾಮಿಕ ರೋಗಗಳ ಬೇಹು ಸೇವೆಯೊಂದನ್ನು ಕಟ್ಟಿದರು. ಹೆಸರಿನಲ್ಲಿ ಬೇಹುಗಾರಿಕೆ ಇತ್ತು, ಕೆಲಸ ಮಾತ್ರ ಊರೂರಿನ ಜ್ವರ, ಭೇದಿ, ಪೋಲಿಯೊ ಎಣಿಸುವುದು. ನಾಲ್ಕೇ ವರ್ಷದಲ್ಲಿ ಅದರ ಬೆಲೆ ಗೊತ್ತಾಯಿತು. 1955ರಲ್ಲಿ ಹೊಸ ಪೋಲಿಯೊ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲೇ ಕೆಲವರಿಗೆ ಪಾರ್ಶ್ವವಾಯು ಬಡಿದಾಗ, ತಪ್ಪು ಒಂದೇ ತಯಾರಕರ ಲಸಿಕೆಯಲ್ಲಿದೆ, ಅದರಲ್ಲಿ ಜೀವಂತ ವೈರಸ್ ಉಳಿದುಬಿಟ್ಟಿದೆ ಎಂದು ಬೇಗನೆ ತೋರಿಸಿಕೊಟ್ಟು ಇಡೀ ಲಸಿಕೆ ಕಾರ್ಯಕ್ರಮವನ್ನು ಉಳಿಸಿದ್ದು ಈ ವೈದ್ಯರೇ. ಯುದ್ಧದ ಹೆಸರಿನಲ್ಲಿ ಬಂದ ಹಣ ಮಕ್ಕಳ ಕಾಲು ಕಾಯಿತು. ಲ್ಯಾಂಗ್‌ಮುಯಿರ್ ಅವರ ಚತುರತೆ ಹಣ ತಂದದ್ದರಲ್ಲಿ ಮಾತ್ರವಲ್ಲ, ಅದನ್ನು ಸೇನೆಯ ಹಿಡಿತಕ್ಕೆ ಸಿಗದಂತೆ ನಾಗರಿಕ ಸಂಸ್ಥೆಯೊಳಗೇ ಇರಿಸಿಕೊಂಡದ್ದರಲ್ಲಿತ್ತು.

ಭಾರತಕ್ಕೆ ಈ ಸಹಕಾರ ಬಂದದ್ದು ಬೇರೆ ರೂಪದಲ್ಲಿ. 1963ರಲ್ಲಿ ಅಮೆರಿಕದ ಸೇನೆ ಏಷ್ಯಾದ ವಲಸೆ ಹಕ್ಕಿಗಳು ಹೊತ್ತೊಯ್ಯುವ ರೋಗಗಳ ಸಮೀಕ್ಷೆ ಆರಂಭಿಸಿತು. ಎಲಿಯಟ್ ಮೆಕ್‌ಕ್ಲೂರ್ ಅದರ ನಾಯಕ. ಜಪಾನಿನಿಂದ ಮಲಯದವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಲಾಯಿತು. ಭಾರತದಲ್ಲಿ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಪಾಲುಗೊಂಡಿತು. ನಮ್ಮ ಪಕ್ಷಿಶಾಸ್ತ್ರಕ್ಕೆ ಆದ ಲಾಭ ಸಣ್ಣದಲ್ಲ. ಭರತಪುರದಂಥ ಜಾಗಗಳ ಹಕ್ಕಿಗಳು ಎಲ್ಲೆಲ್ಲಿಗೆ ಹಾರುತ್ತವೆಂಬ ತಿಳಿವಳಿಕೆ ಗಟ್ಟಿಯಾದದ್ದು ಉಂಗುರಗಳಿಂದಲೇ. ದೆಹಲಿಯಲ್ಲಿ ಇನ್ನೊಂದು ಯೋಜನೆ ನಡೆಯುತ್ತಿತ್ತು. ಗಂಡು ಸೊಳ್ಳೆಗಳನ್ನು ಬಂಜೆ ಮಾಡಿ ಬಿಟ್ಟು ಸೊಳ್ಳೆಗಳ ಸಂತತಿಯನ್ನೇ ತಗ್ಗಿಸುವ ಘಟಕ ಅದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ನಡೆಸುತ್ತಿದ್ದವು, ಹಣ ಅಮೆರಿಕದ್ದು. 1974ರ ಹೊತ್ತಿಗೆ ಪತ್ರಿಕೆಗಳು ಮುಜುಗರದ ಪ್ರಶ್ನೆ ಎತ್ತಿದವು. ಮಲೇರಿಯಾ ದೇಶವನ್ನು ಹಿಂಡುತ್ತಿರುವಾಗ, ಹಳದಿ ಜ್ವರ ಹರಡಬಲ್ಲ ಈಡಿಸ್ ಸೊಳ್ಳೆಯ ಮೇಲೆ ಇಷ್ಟು ಆಸಕ್ತಿ ಏಕೆ? ಹಕ್ಕಿಗಳ ದಾರಿ ಸೇನೆಗೆ ಏಕೆ ಬೇಕು? ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಈ ಯೋಜನೆಗಳನ್ನು ಜಾಲಾಡಿ 1975ರಲ್ಲಿ ಕಟುವಾದ ವರದಿ ಕೊಟ್ಟಿತು. ಸೋನಿಪತ್‌ನಲ್ಲಿ ಸೊಳ್ಳೆ ಬಿಡುವ ಪ್ರಯೋಗ ಕೊನೆಯ ಗಳಿಗೆಯಲ್ಲಿ ನಿಂತಿತು, ಘಟಕವೇ ಮುಚ್ಚಿತು.

ಆ ವಿವಾದದಲ್ಲಿ ಯಾರು ಸರಿ ಎಂದು ಇಂದಿಗೂ ಜಗಳವಾಡುವವರಿದ್ದಾರೆ. ಅಸ್ತ್ರ ತಯಾರಿಕೆಯ ಸಂಚು ನಡೆದಿತ್ತು ಎಂಬುದಕ್ಕೆ ಸಾಕ್ಷ್ಯ ಹೊರಬರಲಿಲ್ಲ. ಆದರೆ ಅನುಮಾನ ಹುಚ್ಚುತನವೂ ಆಗಿರಲಿಲ್ಲ. ಅಮೆರಿಕ ತಾನೇ ರೋಗಾಣು ಅಸ್ತ್ರಗಳನ್ನು ಕೈಬಿಡುವುದಾಗಿ ಘೋಷಿಸಿದ್ದು 1969ರ ನವೆಂಬರಿನಲ್ಲಿ. ಹಕ್ಕಿಗಳ ಸಮೀಕ್ಷೆ ಶುರುವಾದದ್ದು ಅದಕ್ಕೂ ಆರು ವರ್ಷ ಮೊದಲು. ಅಸ್ತ್ರವನ್ನೂ ಮಾಡುತ್ತಿದ್ದ ಸೇನೆ ರೋಗದ ದಾರಿಯನ್ನೂ ಹುಡುಕುತ್ತಿತ್ತು ಎಂದ ಮೇಲೆ ಆತಿಥೇಯರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು, ತಡವಾಗಿ ಕೇಳಿದರು ಅಷ್ಟೆ. ಹಕ್ಕಿಗಳ ಸಮೀಕ್ಷೆಯ ಫಲಿತಾಂಶ 1974ರಲ್ಲಿ ದಪ್ಪ ಪುಸ್ತಕವಾಗಿ ಬ್ಯಾಂಕಾಕಿನಲ್ಲಿ ಪ್ರಕಟವಾಯಿತು ನಿಜ. ಕೊನೆಗೆ ಪ್ರಕಟಿಸಿದ್ದು ಮೊದಲೇ ಹೇಳದಿದ್ದುದನ್ನು ಸರಿದೂಗಿಸಲಿಲ್ಲ. ಈ ಗದ್ದಲದಲ್ಲಿ ನಷ್ಟವಾದದ್ದು ಸೊಳ್ಳೆ ನಿಯಂತ್ರಣಕ್ಕೆ. ಅಂದು ಅಧ್ಯಯನ ಬೇಡವೆನಿಸಿದ ಈಡಿಸ್ ಸೊಳ್ಳೆಯೇ ಇಂದು ಊರೂರಿಗೂ ಡೆಂಗಿ ಹಂಚುತ್ತಿದೆ.

ಇದೇ ಪಾಠವನ್ನು ಆಗ್ನೇಯ ಏಷ್ಯಾದ ಎರಡು ರಾಜಧಾನಿಗಳು ಇನ್ನಷ್ಟು ಸ್ಪಷ್ಟವಾಗಿ ಕಲಿಸುತ್ತವೆ. ಬ್ಯಾಂಕಾಕಿನಲ್ಲಿ ಥಾಯ್ ಸೇನೆಯೂ ಅಮೆರಿಕದ ಸೇನೆಯೂ ಒಂದೇ ಸೂರಿನಡಿ ವೈದ್ಯಕೀಯ ಸಂಶೋಧನಾಲಯ ನಡೆಸುತ್ತವೆ. 1980ರ ದಶಕದಲ್ಲಿ ಅದು ಥಾಯ್ಲೆಂಡಿನ ಸುಮಾರು 65,000 ಮಕ್ಕಳಲ್ಲಿ ಜಪಾನಿ ಮಿದುಳು ಜ್ವರದ ಲಸಿಕೆಯ ಪರೀಕ್ಷೆ ನಡೆಸಿತು. ಲಸಿಕೆ ಕೆಲಸ ಮಾಡುತ್ತದೆಂಬುದು ಅಲ್ಲಿ ಸಾಬೀತಾಯಿತು, ಮೊದಲ ಲಾಭವೂ ಆತಿಥೇಯ ದೇಶದ ಮಕ್ಕಳಿಗೇ ಆಯಿತು. ಜಕಾರ್ತದ ಕಥೆ ಬೇರೆ. ಅಲ್ಲಿ 1970ರಿಂದ ಇದ್ದ ಅಮೆರಿಕ ನೌಕಾಪಡೆಯ ಪ್ರಯೋಗಾಲಯ ಒಳ್ಳೆಯ ವಿಜ್ಞಾನವನ್ನೇ ಮಾಡಿತ್ತು. ಆದರೆ ಹಕ್ಕಿಜ್ವರ ಬಂದಾಗ, ತನ್ನ ನೆಲದ ವೈರಸ್‌ನಿಂದ ಹೊರದೇಶದ ಕಂಪನಿ ಲಸಿಕೆ ಮಾಡುತ್ತದೆ, ತನಗದು ಕೊಳ್ಳಲಾಗದ ಬೆಲೆಗೆ ಬರುತ್ತದೆ ಎಂದು ಇಂಡೊನೇಷ್ಯಾ ಸಿಟ್ಟಾಯಿತು. ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಮಾದರಿ ಕಳಿಸುವುದನ್ನೇ ನಿಲ್ಲಿಸಿದರು. ನೌಕಾಪಡೆಯ ಪ್ರಯೋಗಾಲಯದ ಮೇಲೂ ಸಂಶಯದ ಬಾಣ ಬಿತ್ತು. ಅದರ ಸಿಬ್ಬಂದಿಗೆ ಇದ್ದ ರಾಜತಾಂತ್ರಿಕ ರಕ್ಷಣೆ ಉರಿಗೆ ತುಪ್ಪ ಸುರಿಯಿತು. 2010ರಲ್ಲಿ ಅದು ಬಾಗಿಲು ಹಾಕಿತು. ಎರಡೂ ಕಡೆ ಹಣ ಒಂದೇ ದೇಶದ ಸೇನೆಯದು. ಬ್ಯಾಂಕಾಕಿನಲ್ಲಿ ಆತಿಥೇಯರು ಪಾಲುದಾರರಾಗಿದ್ದರು. ಜಕಾರ್ತದಲ್ಲಿ ಬರಿಯ ಜಾಗ ಕೊಟ್ಟವರೆನಿಸಿದ್ದರು.

ನಾಗರಿಕ ವಿಜ್ಞಾನಕ್ಕೆ ಬಾಯಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಸ್ವೆರ್ಡ್‌ಲೋವ್ಸ್ಕ್‌ಗಿಂತ ದೊಡ್ಡ ಸಾಕ್ಷಿ ಬೇಡ. 1979ರ ಏಪ್ರಿಲ್‌ನಲ್ಲಿ ಆ ಸೋವಿಯತ್ ನಗರದಲ್ಲಿ ಆಂಥ್ರಾಕ್ಸ್‌ನಿಂದ ಕನಿಷ್ಠ 66 ಮಂದಿ ಸತ್ತರು. ಕೆಟ್ಟ ಮಾಂಸ ಕಾರಣ ಎಂದಿತು ಸರ್ಕಾರ. ಸತ್ತವರ ಶ್ವಾಸಕೋಶಗಳು ಬೇರೆ ಕಥೆ ಹೇಳುತ್ತಿದ್ದವು. ಆಸ್ಪತ್ರೆಯ ರೋಗಶಾಸ್ತ್ರಜ್ಞರಾದ ಫೈನಾ ಅಬ್ರಾಮೋವಾ ಮತ್ತು ಲೆವ್ ಗ್ರಿನ್‌ಬರ್ಗ್ ಅಂಗಾಂಶದ ಮಾದರಿಗಳನ್ನು ಗುಟ್ಟಾಗಿ ಕಾಪಿಟ್ಟರು. 1992ರಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಅವರ ತಂಡ ಅಲ್ಲಿಗೆ ಹೋಯಿತು. ಸತ್ತವರು ಅಂದು ಎಲ್ಲೆಲ್ಲಿದ್ದರು ಎಂದು ಅವರು ನಕಾಶೆಯಲ್ಲಿ ಗುರುತು ಹಾಕಿದಾಗ, ಸೇನಾ ಘಟಕವೊಂದರಿಂದ ಗಾಳಿ ಬೀಸಿದ ದಿಕ್ಕಿಗೆ ಒಂದು ಸಣ್ಣ ಪಟ್ಟಿ ಮೂಡಿತು. ಸೋವಿಯತ್ ಒಕ್ಕೂಟ ಆಗಲೇ ಜೈವಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿತ್ತು ಎಂಬುದನ್ನು ಮರೆಯುವಂತಿಲ್ಲ. ಸಹಿ ಸುಳ್ಳಾಯಿತು, ಇಬ್ಬರು ವೈದ್ಯರ ಗಾಜಿನ ಸೀಸೆಗಳು ನಿಜ ಹೇಳಿದವು.

ಪತ್ತೆಯ ಕೆಲಸವನ್ನು ಯಂತ್ರಕ್ಕೆ ವಹಿಸಿ ನಿಶ್ಚಿಂತರಾಗಬಹುದು ಎಂಬ ಆಸೆ 2001ರ ನಂತರ ಬಲಿಯಿತು. ಆ ವರ್ಷ ಅಂಚೆ ಲಕೋಟೆಗಳಲ್ಲಿ ಬಂದ ಆಂಥ್ರಾಕ್ಸ್ ಅಮೆರಿಕದಲ್ಲಿ 22 ಮಂದಿಗೆ ತಗುಲಿ ಐವರನ್ನು ಕೊಂದಿತು. ಮೊದಲ ರೋಗಿಯನ್ನು ಗುರುತಿಸಿದ್ದು ಯಾವ ಸೇನಾ ಸಾಧನವೂ ಅಲ್ಲ. ಫ್ಲಾರಿಡಾದ ಆಸ್ಪತ್ರೆಯೊಂದರ ಸೋಂಕುರೋಗ ತಜ್ಞರು ಬೆನ್ನುಹುರಿಯ ದ್ರವದಲ್ಲಿ ಕಂಡ ಸೂಕ್ಷ್ಮಾಣುವಿನ ಆಕಾರ ನೋಡಿ ಅನುಮಾನಿಸಿದರು. ಎರಡು ವರ್ಷ ಹಿಂದಷ್ಟೇ ಕಟ್ಟಿದ್ದ ಪ್ರಯೋಗಾಲಯಗಳ ಜಾಲಕ್ಕೆ ಸೇರಿದ್ದ ರಾಜ್ಯದ ಪ್ರಯೋಗಾಲಯ ಅದನ್ನು ಖಚಿತಪಡಿಸಿತು. ತನಿಖೆ ಕೊನೆಗೆ ಬೊಟ್ಟು ಮಾಡಿದ್ದು ಸೇನೆಯದೇ ರೋಗ ಸಂಶೋಧನಾಲಯದ ವಿಜ್ಞಾನಿಯತ್ತ. ಆದರೆ ವಿಜ್ಞಾನದ ಸಾಕ್ಷ್ಯವೊಂದರಿಂದಲೇ ಅದನ್ನು ಖಚಿತವಾಗಿ ಹೇಳಲಾಗದು ಎಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2011ರಲ್ಲಿ ಹೇಳಿತು. ಮೊದಲ ಸುಳಿವು ವೈದ್ಯರಿಂದಲೇ ಬಂದಿದ್ದರೂ 2003ರಲ್ಲಿ ಸರ್ಕಾರ ಮೂವತ್ತಕ್ಕೂ ಹೆಚ್ಚು ನಗರಗಳಲ್ಲಿ ಗಾಳಿಯನ್ನು ಹೀರಿ ರೋಗಾಣು ಹುಡುಕುವ ಬಯೋವಾಚ್ ಯಂತ್ರಗಳನ್ನು ಇಟ್ಟಿತು. ಮಣ್ಣಿನಲ್ಲಿ ಸಹಜವಾಗಿರುವ ನಿರುಪದ್ರವಿ ಸೂಕ್ಷ್ಮಾಣುಗಳನ್ನು ಕಂಡೂ ಅವು ಎಚ್ಚರಿಕೆ ಕೊಟ್ಟವು. ಸುಧಾರಿತ ಪೀಳಿಗೆಯ ಯಂತ್ರಗಳ ಯೋಜನೆ 2014ರಲ್ಲಿ ರದ್ದಾಯಿತು.

ಭಾರತದ ಮಟ್ಟಿಗೆ ಸರಿಯಾದ ಮೇಲ್ಪಂಕ್ತಿ ಸಿಕ್ಕಿದ್ದು ಒಂದು ಅವಮಾನದ ನಂತರ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟರು, ವಿಮಾನಗಳು ನಿಂತವು, ಸತ್ತವರು ಐವತ್ತಕ್ಕೂ ಹೆಚ್ಚು. ಆದರೆ ಅದು ನಿಜಕ್ಕೂ ಪ್ಲೇಗ್ ಹೌದೇ ಅಲ್ಲವೇ ಎಂಬ ತಕರಾರು ಬಹುಕಾಲ ಮುಗಿಯಲಿಲ್ಲ. ಅದಕ್ಕೆ ಗಟ್ಟಿ ಉತ್ತರ ಕೊಟ್ಟವರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳಿದ್ದರು. ರೋಗಾಣುವನ್ನು ಬೇರ್ಪಡಿಸಿ ಗುರುತಿಸಿದ ವಿವರವನ್ನು ಅವರು ಕಡತದಲ್ಲಿ ಮುಚ್ಚಿಡದೆ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 1996ರಲ್ಲಿ ಪ್ರಕಟಿಸಿದರು. ಬೇಕಾದವರು ಓದಿ ತಪ್ಪು ಹುಡುಕಬಹುದಿತ್ತು. ಸೇನೆಯ ಸೌಲಭ್ಯ ನಾಗರಿಕ ವಾದಕ್ಕೆ ಬಲ ಕೊಡುವುದು ಎಂದರೆ ಇದು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಸೇನೆಗೆ ಆರೋಗ್ಯದಲ್ಲಿ ಕೆಲಸವೇ ಇಲ್ಲ, ಪತ್ತೆಯ ಜ್ಞಾನವೇ ನಾಳೆ ಪ್ರಯೋಗದ ಜ್ಞಾನವಾಗುತ್ತದೆ, ಹಾಗಾಗಿ ಪೂರ್ತಿ ದೂರವಿಡಿ ಎನ್ನುವವರಿದ್ದಾರೆ. ಇದರಲ್ಲಿ ಸತ್ಯವಿದೆ, ಲಕೋಟೆಗಳ ಪ್ರಕರಣವೇ ಅದಕ್ಕೆ ಪುಷ್ಟಿ. ಆದರೆ ಬಡವರ ರೋಗಗಳಿಗೆ ಔಷಧ ಕಂಪನಿಗಳು ಹಣ ಹಾಕುವುದಿಲ್ಲ. ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯಗಳನ್ನು ಆರೋಗ್ಯ ಇಲಾಖೆಗಳು ಒಂಟಿಯಾಗಿ ಕಟ್ಟಿ ನಡೆಸುವುದು ಕಷ್ಟ. ಸೇನೆಯನ್ನು ಹೊರಗಿಟ್ಟರೆ ಅದು ಕೆಲಸ ನಿಲ್ಲಿಸುವುದಿಲ್ಲ, ಗೋಡೆಯೊಳಗೆ ಮುಂದುವರಿಸುತ್ತದೆ. ಸ್ವೆರ್ಡ್‌ಲೋವ್ಸ್ಕ್‌ನಲ್ಲಿ ಆದದ್ದು ಅದೇ. ಇನ್ನೊಂದು ಕಡೆಯವರು ಎಲ್ಲವನ್ನೂ ಬಹಿರಂಗಪಡಿಸಿದರೆ ಶತ್ರುವಿಗೆ ಕೈಪಿಡಿ ಕೊಟ್ಟಂತೆ ಎನ್ನುತ್ತಾರೆ. ಹಕ್ಕಿಜ್ವರದ ವೈರಸ್ ಫೆರೆಟ್‌ಗಳ ನಡುವೆ ಗಾಳಿಯಲ್ಲಿ ಹರಡುವಂತೆ ಮಾಡಿದ ಪ್ರಯೋಗಗಳ ವಿವರ ಪ್ರಕಟಿಸಬೇಕೇ ಎಂದು 2011-12ರಲ್ಲಿ ಜಗತ್ತು ಚರ್ಚಿಸಿದ್ದು ಸುಮ್ಮನೆ ಅಲ್ಲ. ಆದರೆ ರೋಗಾಣುವನ್ನು ಬಲಪಡಿಸುವ ವಿಧಾನ ಬೇರೆ. ಯಾವ ಊರಿನಲ್ಲಿ ಯಾವ ಸೋಂಕು ಕಂಡಿತು, ಯಾರು ಹಣ ಕೊಟ್ಟರು, ರಕ್ತದ ಮಾದರಿ ಎಲ್ಲಿದೆ ಎಂಬ ಮಾಹಿತಿ ಬೇರೆ. ಮೊದಲನೆಯದನ್ನು ಕಾಯುವ ನೆಪದಲ್ಲಿ ಎರಡನೆಯದನ್ನು ಮುಚ್ಚಿಡುವುದು ಅಧಿಕಾರಸ್ಥರ ಹಳೆಯ ಚಾಳಿ.

ಈ ಗೆರೆ ಎಷ್ಟು ನಾಜೂಕಿನದು ಎಂಬುದು ಬೆಂಗಳೂರಿಗೆ ಗೊತ್ತು. ನಾಗಾಲ್ಯಾಂಡಿನ ಮಿಮಿ ಗ್ರಾಮದ ಬಾವಲಿ ಬೇಟೆಗಾರರ ರಕ್ತದಲ್ಲಿ ಎಬೊಲಾ ಬಳಗದ ವೈರಸ್‌ಗಳಿಗೆ ಸ್ಪಂದಿಸುವ ಪ್ರತಿಕಾಯಗಳಿವೆ ಎಂಬ ಅಧ್ಯಯನ 2019ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ನಗರದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅದರಲ್ಲಿ ಪಾಲುಗೊಂಡಿತ್ತು. ಲೇಖಕರ ಪಟ್ಟಿಯಲ್ಲಿ ವುಹಾನ್ ವೈರಾಣು ಸಂಸ್ಥೆಯ ಇಬ್ಬರಿದ್ದರು, ಹಣದ ಮೂಲಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಸ್ಥೆಯಿತ್ತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು, ಸರ್ಕಾರ ವಿಚಾರಣೆಗೆ ಆದೇಶಿಸಿದ ಸುದ್ದಿಯೂ ಬಂತು. ಮಾದರಿಗಳು ಹೊರಗೆ ಹೋಗಿಲ್ಲ, ವುಹಾನ್‌ಗೆ ನೇರ ಪಾತ್ರವಿರಲಿಲ್ಲ ಎಂದು ಸಂಸ್ಥೆ ಸ್ಪಷ್ಟಪಡಿಸಬೇಕಾಯಿತು. 1974ರ ವಿವಾದಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಈ ಸಲ ಹಣದ ಮೂಲವೂ ಲೇಖಕರ ಹೆಸರೂ ಪ್ರಬಂಧದಲ್ಲೇ ಅಚ್ಚಾಗಿದ್ದವು. ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ, ಉತ್ತರಿಸಲು ಸಾಧ್ಯವಾದದ್ದೂ ಅದರಿಂದಲೇ. ಆದರೆ ಅನುಮತಿಯ ನಿಯಮ ಕೆಲಸಕ್ಕೆ ಮೊದಲು ಎಲ್ಲರಿಗೂ ಕಾಣುವಂತಿದ್ದರೆ, ಹೊಸ ಸಾಂಕ್ರಾಮಿಕದ ಗಾಬರಿಯ ನಡುವೆ ಬಾವಲಿ ಸಂಶೋಧಕರು ಸಂಜಾಯಿಷಿ ಕೊಡುತ್ತ ಕೂರಬೇಕಿರಲಿಲ್ಲ.

ಕರ್ನಾಟಕದಲ್ಲಿ ಈಗ ಸಹಕಾರ ಸದ್ದಿಲ್ಲದೆ ನಡೆಯುತ್ತಿದೆ. ಕ್ಯಾಸನೂರಿನಲ್ಲಿ ಮೊದಲು ಕಂಡ ಆ ಜ್ವರದ, ಅಂದರೆ ಮಂಗನ ಕಾಯಿಲೆಯ, ಋತುವಿನಲ್ಲಿ ಮಲೆನಾಡಿನ ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲದ ಮೂಲ ಗ್ವಾಲಿಯರ್‌ನ ಅದೇ ರಕ್ಷಣಾ ಸಂಶೋಧನಾಲಯ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ರೂಪಿಸಿದ ಸಂಚಾರಿ ಪ್ರಯೋಗಾಲಯ 2020ರಲ್ಲಿ ಕೋವಿಡ್ ಪರೀಕ್ಷೆಗೆಂದು ಅಲ್ಲಿನ ವೈದ್ಯಕೀಯ ಕಾಲೇಜಿನ ಕೈಸೇರಿತು. ಇವೆರಡರ ಬಗ್ಗೆಯೂ ಯಾರೂ ಹುಬ್ಬೇರಿಸಲಿಲ್ಲ, ಏಕೆಂದರೆ ಬಳಸುವ ಕೈ ನಾಗರಿಕರದು. ಕಷ್ಟದ ಪ್ರಶ್ನೆ ಉಳಿದಿರುವುದು ಮಾದರಿಗಳಲ್ಲಿ. ಕ್ಯಾಸನೂರಿನ ವೈರಸ್ ಅಮೆರಿಕ ಕಟ್ಟುನಿಟ್ಟಾಗಿ ನಿಯಂತ್ರಿಸುವ ಅಪಾಯಕಾರಿ ರೋಗಾಣುಗಳ ಪಟ್ಟಿಯಲ್ಲಿದೆ. ಅಲ್ಲಿ ಅದು ಭದ್ರತೆಯ ವಿಷಯ, ಈ ಕಾಯಿಲೆ ಕಂಡ ಮಲೆನಾಡಿನ ಅರಳಗೋಡು ಹಳ್ಳಿಯವರಿಗೆ ಮನೆಯವರ ಸಾವಿನ ವಿಷಯ. ಜೈವಿಕ ಅಸ್ತ್ರ ಒಪ್ಪಂದವನ್ನು ಭಾರತ 1974ರಲ್ಲೇ ಅನುಮೋದಿಸಿದೆ, ಆದರೆ ಆ ಒಪ್ಪಂದಕ್ಕೆ ತಪಾಸಣೆಯ ವ್ಯವಸ್ಥೆಯೇ ಇಲ್ಲ. ಸದಸ್ಯ ದೇಶಗಳು ತಮ್ಮ ಪ್ರಯೋಗಾಲಯಗಳ ಬಗ್ಗೆ ವರ್ಷವರ್ಷ ಮಾಹಿತಿ ಕೊಡಬೇಕೆಂದು 1986ರಲ್ಲಿ ಒಪ್ಪಿಕೊಂಡವು. ಅನೇಕ ದೇಶಗಳು ಕೊಡುವುದೇ ಇಲ್ಲ, ಕೊಟ್ಟವುಗಳಲ್ಲಿ ಅನೇಕ ಅದನ್ನು ಸ್ವಂತ ಪ್ರಜೆಗಳಿಗೂ ತೋರಿಸುವುದಿಲ್ಲ. ಆ ತಖ್ತೆಗಳನ್ನು ಸಂಸತ್ತಿನ ಮೇಜಿನ ಮೇಲೆ ಇಡುವುದಕ್ಕೆ ಯಾವ ದೇಶದ ಅನುಮತಿಯೂ ಬೇಕಿಲ್ಲ.