ಹೇರೆತ್ತು, ಟೆಂಪೋ, ಕ್ಯಾಂಪರ್

ಬ್ಲಾಗ್ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಕೆಲಸ, ರಿಲೀಸು ಅಂತ ನೆಪ ಹೇಳಬಹುದು. ನಿಜ ಅಂದ್ರೆ ಸೋಮಾರಿತನ. ಇವತ್ತು ಬರೆಯೋಕೆ ಕಾರಣ, ದೀಪಾವಳಿಗೆ ಊರಿಗೆ ಹೋದಾಗ ಹೊನ್ನಾವರದ ನಮ್ಮನೆ ಜಗಲಿಯಲ್ಲಿ ಶುರುವಾದ ಒಂದು ಜಗಳ.

ಚಿಕ್ಕಪ್ಪನಿಗೆ ಒಂದು ಗಾಡಿ ಬೇಕು. ದಿನಾ ಪೇಟೆಗೆ ಓಡಾಟ, ಆಗಾಗ ಕುಮಟಾಕ್ಕೆ ಅಡಿಕೆ ಮೂಟೆ. ಅವನ ಮಗನ ಕನಸೇ ಬೇರೆ. ಅಮೆರಿಕದವರ ವಿಡಿಯೋ ನೋಡಿ ನೋಡಿ, ಇಸುಜು ವಿ-ಕ್ರಾಸ್ ತಗೊಂಡು, ಹಿಂದೆ ಮನೆಯಂಥ ಕ್ಯಾಂಪರ್ ಕಟ್ಕೊಂಡು, ರಜೆಯಲ್ಲಿ ಭಟ್ಕಳದ ಕಡೆ ಯಾವುದಾದರೂ ಕಡಲ ತೀರದಲ್ಲಿ ಠಿಕಾಣಿ ಹೂಡಬೇಕಂತೆ. ಸಾಲದಲ್ಲಿ ಅರ್ಧ ನಂದು. ಹಾಗಾಗಿ ತೀರ್ಪೂ ನಂದೇ ಅಂತ ಇಬ್ಬರೂ ಕೂತರು.

ಎಂಜಿನಿಯರ್ ಅಲ್ವಾ, ಮೊದಲು ಎಕ್ಸೆಲ್ ಶೀಟ್ ಮಾಡಿದೆ. ಆಮೇಲೆ ಹೊಳೀತು: ದಿನದ ಕೆಲಸಕ್ಕೂ ಅಪರೂಪದ ಭಾರಕ್ಕೂ ಒಂದೇ ಗಾಡಿ ಸಾಕಾಗುತ್ತಾ ಅನ್ನೋ ಪ್ರಶ್ನೆ ನಮ್ಮ ಕರಾವಳಿಗೆ ಹೊಸದೇ ಅಲ್ಲ.

ಗಾಡಿ ಓಡೋ ರಸ್ತೆ ಇಲ್ಲದ ಕಾಲದಲ್ಲಿ ಘಟ್ಟ ಹತ್ತಿ ಇಳೀತಿದ್ದಿದ್ದು ಲಂಬಾಣಿಗರ ಹೇರೆತ್ತುಗಳು. ಸಾಣಿಕಟ್ಟೆಯಂಥ ಆಗರಗಳ ಉಪ್ಪು ಮೇಲಕ್ಕೆ, ಧಾನ್ಯ, ಹತ್ತಿ ಕೆಳಕ್ಕೆ. ಎತ್ತಿಗೆ ರಸ್ತೆ ಬೇಡ, ಕಾಲುದಾರಿ ಸಾಕು. ಆದರೆ ಬೆನ್ನ ಮೇಲೆ ಹಿಡಿಸೋದೆಷ್ಟು? ಹತ್ತೊಂಬತ್ತನೇ ಶತಮಾನದಲ್ಲಿ ಘಟ್ಟಕ್ಕೆ ಗಾಡಿ ರಸ್ತೆ ಬಂದ ಮೇಲೆ ಹೇರೆತ್ತಿನ ಜಾಗಕ್ಕೆ ಚಕ್ಕಡಿ ಬಂತು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಇಳಿದು ಹಡಗು ಹತ್ತುತ್ತಿತ್ತು. ಬೆಳೆದಿದ್ದು ಎಲ್ಲೋ, ಪೇಟೆಯಲ್ಲಿ ಅದರ ಹೆಸರು ಮಾತ್ರ 'ಕುಮಟಾ ಹತ್ತಿ'! 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತುಹೋದಾಗ ಬ್ರಿಟಿಷ್ ಗಿರಣಿಗಳ ಕಣ್ಣು ನಮ್ಮ ಕಡೆ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಹತ್ತಿಯ ಲೆಕ್ಕಾಚಾರ ಇತ್ತು.

ಚಕ್ಕಡಿಯ ಲೆಕ್ಕ ಸರಳ. ಇಳೀವಾಗ ಹತ್ತಿ, ಹತ್ತುವಾಗ ಉಪ್ಪು. ಇವತ್ತಿನ ಲಾರಿಯವರ ಭಾಷೆಯಲ್ಲಿ ವಾಪಸ್ ಲೋಡು. 1888ರಲ್ಲಿ ಕ್ಯಾಸಲ್ ರಾಕ್ ಮೂಲಕ ಮುರ್ಮಗೋವಾ ಬಂದರಿಗೆ ರೈಲು ದಾರಿ ಆದಾಗ ಹತ್ತಿ ಅತ್ತ ತಿರುಗಿತು, ಕುಮಟಾ ಬಂದರು ಸೊರಗಿತು. ಚಕ್ಕಡಿ ಕೆಟ್ಟಿರಲಿಲ್ಲ, ಎತ್ತೂ ಸೋತಿರಲಿಲ್ಲ. ಹೇರೋಕೆ ಹತ್ತಿಯೇ ಇರಲಿಲ್ಲ ಅಷ್ಟೇ.

ಇನ್ನು ಟೆಂಪೋ ಕಥೆ. 1958ರಲ್ಲಿ ಶುರುವಾದ ಬಜಾಜ್ ಟೆಂಪೋ ಮೊದಲು ಮಾಡಿದ್ದು ಜರ್ಮನ್ ಮೂಲದ ಮೂರು ಚಕ್ರದ ಗಾಡಿ. 1970ರ ಸುಮಾರಿಗೆ ಮೆಟಡಾರ್ ಬಂತು. 2005ರಲ್ಲಿ ಕಂಪನಿ ಹೆಸರನ್ನೇ ಫೋರ್ಸ್ ಮೋಟಾರ್ಸ್ ಅಂತ ಬದಲಿಸಿಕೊಂಡಿತು. ನಮ್ಮೂರು ಮಾತ್ರ ಬದಲಾಗಲಿಲ್ಲ. ಕುಮಟಾ, ಹೊನ್ನಾವರ, ಭಟ್ಕಳದ ನಡುವೆ ಜನ ತುಂಬ್ಕೊಂಡು ಓಡೋ ಗಾಡಿ ಯಾವ ಕಂಪನಿಯದಾದರೂ ಟೆಂಪೋನೇ. ನಾನು ಶಾಲೆಗೆ ಹೋಗ್ತಿದ್ದ ಟೆಂಪೋದಲ್ಲಿ ಕಾಲ ಬುಡದಲ್ಲಿ ಮೀನಿನ ಬುಟ್ಟಿ, ತಲೆ ಮೇಲೆ ಬಾಳೆಗೊನೆ. ಒಂದೇ ಗಾಡಿ, ಎರಡೂ ಕೆಲಸ! 1986ರಲ್ಲಿ ಟಾಟಾ 407, 2005ರಲ್ಲಿ ಬರೀ 16 ಅಶ್ವಶಕ್ತಿಯ ಟಾಟಾ ಏಸ್ ಬಂದ ಮೇಲೆ ಜನ ಮತ್ತು ಸಾಮಾನು ನಿಧಾನಕ್ಕೆ ಬೇರೆ ಬೇರೆ ಗಾಡಿ ಹತ್ತಿದವು.

ಎಳೆಯೋ ವಿಷಯಕ್ಕೆ ಬಂದ್ರೆ ನಮ್ಮಲ್ಲಿ ದೊಡ್ಡ ಟ್ರೇಲರ್ ಅಂದ್ರೆ ಕೊಂಕಣ ರೈಲೇ. 1999ರಲ್ಲಿ ಶುರುವಾದ ರೋ-ರೋ ಸೇವೆಯಲ್ಲಿ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸ್ತಾರೆ. ಸುರತ್ಕಲ್‌ ಕಡೆಯ ರೋ-ರೋ ಹೊನ್ನಾವರದಲ್ಲಿ ಶರಾವತಿ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ದಾಟುವಾಗ ನೋಡಬೇಕು. ಡ್ರೈವರುಗಳು ತಮ್ಮ ತಮ್ಮ ಕ್ಯಾಬಿನ್ನಿನಲ್ಲೇ ಆರಾಮ.

ತಮ್ಮನಿಗೆ ಇದನ್ನೆಲ್ಲ ಹೇಳಿ, ಟ್ರೇಲರ್ ಭಾರದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೇ ಕೂರುತ್ತೆ, ದೇವಿಮನೆ ಘಟ್ಟ ಇಳಿಯುವಾಗ ಎಳೆಯೋ ಗಾಡಿಯನ್ನು ಟ್ರೇಲರ್ರೇ ತಳ್ಳುತ್ತೆ ಅಂತ ವಿವರಿಸ್ತಿದ್ದೆ. ಅಲ್ಲಿವರೆಗೆ ಸುಮ್ಮನೆ ಅಡಿಕೆ ಸುಲೀತಿದ್ದ ಅಜ್ಜಿ ಕೇಳಿದಳು: "ಅದೆಲ್ಲ ಇರ್ಲಿ. ನನ್ನ ಮಣಿಪಾಲಕ್ಕೆ ಕರ್ಕೊಂಡು ಹೋಗೋ ದಿನ ಬಂದ್ರೆ ಎಲ್ಲಿ ಮಲಗಿಸ್ತ್ಯೋ?"

ಜಗಲಿ ತಣ್ಣಗಾಯ್ತು. ನಮ್ಮ ಕಡೆಯವರಿಗೆ ಇದು ತಮಾಷೆಯ ಪ್ರಶ್ನೆ ಅಲ್ಲ. ದೊಡ್ಡ ಕಾಯಿಲೆ ಅಂದ್ರೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ತಿದ್ದ ಆಂಬುಲೆನ್ಸು ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡರು. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಅನ್ನೋ ಕೂಗು ಆಗ ಜೋರಾಯ್ತು. ನನ್ನ ಎಕ್ಸೆಲ್ ಶೀಟಿನಲ್ಲಿ ಮೈಲೇಜಿಗೆ, ಟಾರ್ಕಿಗೆ ಕಾಲಂ ಇತ್ತು, ಅಜ್ಜಿಗೆ ಇರಲಿಲ್ಲ.

ಕೊನೆಗೆ ಆಗಿದ್ದೇನು? ಕ್ಯಾಂಪರ್ ಬಂತು! ಆದರೆ ತಮ್ಮನ ಕ್ಯಾಂಪರ್ ಅಲ್ಲ. ಮಹೀಂದ್ರ ಬೊಲೆರೊ ಕ್ಯಾಂಪರ್, ಸೆಕೆಂಡ್ ಹ್ಯಾಂಡು. ಮುಂದೆ ಎರಡು ಸಾಲು ಸೀಟು, ಹಿಂದೆ ಮೂಟೆಗೆ ತೊಟ್ಟಿ. ಹಿಂದಿನ ಸೀಟಿನ ಮೇಲೆ ಅಜ್ಜಿ ಕಾಲು ಮಡಚಿ ಮಲಗಿ ನೋಡಿ "ಅಡ್ಡಿಲ್ಲ" ಅಂದಳು. ಹಳದಿ ಬೋರ್ಡು ಅಂತ ತಮ್ಮ ಮುಖ ಊದಿಸ್ಕೊಂಡಿದ್ದ. 7,500 ಕೆ.ಜಿ. ಒಳಗಿನ ಇಂಥ ಗಾಡಿಗೆ ಸಾಮಾನ್ಯ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಮತ್ತೆ ಹೇಳಿದೆ ಅಂದಾಗ ಕೀಲಿ ಕೇಳೋಕೆ ಬಂದ. ಕಡಲ ತೀರಕ್ಕೆ ತೊಟ್ಟಿಯಲ್ಲಿ ಟೆಂಟ್ ಹಾಕ್ಕೊಂಡು ಹೋಗ್ತಾನಂತೆ. ಹೋಗ್ಲಿ ಬಿಡಿ.

ಅಂದ ಹಾಗೆ, ನಿಮ್ಮೂರಲ್ಲಿ 'ಟೆಂಪೋ' ಅಂದ್ರೆ ಯಾವ ಗಾಡಿ? ಹೇಳ್ತೀರಲ್ಲ?