ಕಿರಿಯರ ಕಬಡ್ಡಿ: ವಯಸ್ಸು, ತೂಕ ಮತ್ತು ಮಕ್ಕಳ ಸುರಕ್ಷತೆ

ಶಿವಮೊಗ್ಗದಿಂದ ಶಿಕಾರಿಪುರದತ್ತ ಸಾಗುವ ಹಾದಿಯಲ್ಲಿ ಸಿಗುವ ಸವಳಂಗ, ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಊರು. ಶಿವಮೊಗ್ಗ ನಗರದವರಿಗೆ ಇದು 'ಸವಳಂಗ ರಸ್ತೆ'ಯ ಮೂಲಕವೇ ಹೆಚ್ಚು ಪರಿಚಿತ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಹೊನ್ನಾಳಿ ತಾಲ್ಲೂಕಿನೊಂದಿಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಈ ಭಾಗ, 2018ರಲ್ಲಿ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದಾಗ ಅದರ ವ್ಯಾಪ್ತಿಗೆ ಬಂತು.

ಮಲೆನಾಡು ಮತ್ತು ಬಯಲುಸೀಮೆ ಸಂಧಿಸುವ ಈ ಭಾಗದ ಊರುಗಳಲ್ಲಿ ಶನಿವಾರ, ಭಾನುವಾರದ ಆಟವೆಂದರೆ ಕ್ರಿಕೆಟ್ ನಂತರದ ಸ್ಥಾನ ಕಬಡ್ಡಿಯದು. ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆಗಳ ಸಂದರ್ಭದಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳೂ ಏರ್ಪಡುತ್ತವೆ. ಇಂಗ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ವಾರಾಂತ್ಯದ ಬೆಳಗ್ಗೆ ಮಕ್ಕಳು ಕ್ಲಬ್‌ಗಳ ಪರವಾಗಿ ರಗ್ಬಿ ಆಡುವಂತೆ, ನಮ್ಮಲ್ಲಿ ಊರಿನ ಯುವಕ ಸಂಘಗಳ ಪರವಾಗಿ ಕಿರಿಯರು ಅಂಕಣಕ್ಕೆ ಇಳಿಯುತ್ತಾರೆ. ಎರಡೂ ಮೈಗೆ ಮೈ ತಾಗುವ, ಎದುರಾಳಿಯನ್ನು ಹಿಡಿದು ಉರುಳಿಸುವ ಆಟಗಳು. ಆದ್ದರಿಂದ ಎರಡಕ್ಕೂ ಎದುರಾಗುವ ಮೂಲಭೂತ ಪ್ರಶ್ನೆ ಒಂದೇ: ಯಾವ ಮಗುವಿನ ಎದುರು ಯಾವ ಮಗುವನ್ನು ಆಡಿಸಬೇಕು?

ವಿಭಾಗಗಳು ಯಾವುವು?

ಕಿರಿಯರ ಕಬಡ್ಡಿ ನಮ್ಮಲ್ಲಿ ಮುಖ್ಯವಾಗಿ ಮೂರು ದಾರಿಗಳಲ್ಲಿ ನಡೆಯುತ್ತದೆ.

ಮೊದಲನೆಯದು ಶಾಲಾ ಕ್ರೀಡಾಕೂಟ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಏರಿ ಹೋಗುವ ಈ ವ್ಯವಸ್ಥೆಯಲ್ಲಿ 14 ವರ್ಷದೊಳಗಿನವರು ಮತ್ತು 17 ವರ್ಷದೊಳಗಿನವರು ಎಂಬ ವಿಂಗಡಣೆಯಿದೆ. ಪದವಿಪೂರ್ವ ಹಂತದಲ್ಲಿ ಇದು 19 ವರ್ಷದೊಳಗಿನವರು ಎಂದಾಗುತ್ತದೆ. ರಾಷ್ಟ್ರಮಟ್ಟದಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟವೂ ಇದೇ ಮೂರು ವಯೋಮಿತಿಗಳನ್ನು ಅನುಸರಿಸುತ್ತದೆ.

ಎರಡನೆಯದು ಭಾರತೀಯ ಅಮೆಚೂರ್ ಕಬಡ್ಡಿ ಫೆಡರೇಷನ್ ಹಾಗೂ ಅದರ ರಾಜ್ಯ ಮತ್ತು ಜಿಲ್ಲಾ ಸಂಸ್ಥೆಗಳು ನಡೆಸುವ ಚಾಂಪಿಯನ್‌ಷಿಪ್. ಇಲ್ಲಿ ವಯಸ್ಸಿನ ಜೊತೆಗೆ ತೂಕದ ಮಿತಿಯೂ ಉಂಟು. ಸಬ್ ಜೂನಿಯರ್ ವಿಭಾಗಕ್ಕೆ 16 ವರ್ಷ ಹಾಗೂ ಬಾಲಕ, ಬಾಲಕಿಯರಿಬ್ಬರಿಗೂ 55 ಕೆ.ಜಿ. ಮಿತಿ. ಜೂನಿಯರ್ ವಿಭಾಗಕ್ಕೆ 20 ವರ್ಷ. ತೂಕ ಬಾಲಕರಿಗೆ 70 ಕೆ.ಜಿ., ಬಾಲಕಿಯರಿಗೆ 65 ಕೆ.ಜಿ. ಹಿರಿಯರಿಗೂ ಮಿತಿ ತಪ್ಪಿದ್ದಲ್ಲ. ಪುರುಷರಿಗೆ 85 ಹಾಗೂ ಮಹಿಳೆಯರಿಗೆ 75 ಕೆ.ಜಿ.

ಮೂರನೆಯದು ಊರಿನ ಸಂಘಗಳು ಏರ್ಪಡಿಸುವ ಮುಕ್ತ ಪಂದ್ಯಾವಳಿ. ಇಲ್ಲಿ ವಯಸ್ಸಿನ ದಾಖಲೆ ಕೇಳುವವರು ವಿರಳ. ಬದಲಾಗಿ '55 ಕೆ.ಜಿ. ವಿಭಾಗ', '60 ಕೆ.ಜಿ. ವಿಭಾಗ' ಎಂದು ಕರಪತ್ರದಲ್ಲಿಯೇ ಮುದ್ರಿಸಿ, ಅಂಕಣದ ಪಕ್ಕದಲ್ಲಿ ತೂಕದ ಯಂತ್ರ ಇಡುವ ರೂಢಿಯಿದೆ. 14ರ ಹುಡುಗನೂ 24ರ ಯುವಕನೂ ಒಂದೇ ಅಂಕಣದಲ್ಲಿ ಎದುರುಬದುರಾಗುವ ಸಾಧ್ಯತೆ ಇರುವುದು ಇಲ್ಲಿಯೇ.

ಅಂಕಣವೂ ಚಿಕ್ಕದು, ಅವಧಿಯೂ ಕಡಿಮೆ

ಕಿರಿಯರಿಗಾಗಿ ನಿಯಮಾವಳಿಯು ಆಟವನ್ನೇ ಕುಗ್ಗಿಸಿದೆ. ಪುರುಷರು ಮತ್ತು ಜೂನಿಯರ್ ಬಾಲಕರಿಗೆ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರು ಹಾಗೂ ಜೂನಿಯರ್ ಬಾಲಕಿಯರಿಗೆ 12 ಮತ್ತು 8 ಮೀಟರ್. ಸಬ್ ಜೂನಿಯರ್‌ಗಳಿಗೆ 11 ಮತ್ತು 8 ಮೀಟರ್. ಪುರುಷರು ಮತ್ತು ಜೂನಿಯರ್ ಬಾಲಕರು 20 ನಿಮಿಷಗಳ ಎರಡು ಅವಧಿ ಆಡಿದರೆ, ಉಳಿದವರಿಗೆ 15 ನಿಮಿಷಗಳ ಎರಡು ಅವಧಿ. ನಡುವೆ 5 ನಿಮಿಷ ವಿರಾಮ. ಒಂದು ತಂಡದಿಂದ ಏಳು ಮಂದಿ ಅಂಕಣದಲ್ಲಿರುತ್ತಾರೆ. ಒಂದು ದಾಳಿಗೆ 30 ಸೆಕೆಂಡ್ ಕಾಲಾವಕಾಶ.

ಊರಿನ ಪಂದ್ಯಾವಳಿಗಳಲ್ಲಿ ಹೆಚ್ಚಾಗಿ ಒಂದೇ ಅಂಕಣ ಹಾಕಿ ಎಲ್ಲ ವಿಭಾಗಗಳನ್ನೂ ಅಲ್ಲಿಯೇ ಆಡಿಸಲಾಗುತ್ತದೆ. ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ದೊಡ್ಡ ಅಂಕಣದಲ್ಲಿ ದಾಳಿ ಮಾಡುವ ಚಿಕ್ಕ ಹುಡುಗನಿಗೆ ನಡುಗೆರೆ ದೂರವಾಗುತ್ತದೆ. ಎದುರಾಳಿಯ ಹಿಡಿತದಲ್ಲಿ ಅವನು ಎಳೆದಾಡುವ ಸಮಯವೂ ಹೆಚ್ಚುತ್ತದೆ. ಒಂದಿಷ್ಟು ಸುಣ್ಣದ ಪುಡಿಯಲ್ಲಿ ಬೇರೆ ಗೆರೆ ಎಳೆದರೆ ಈ ಸಮಸ್ಯೆಗೆ ಪರಿಹಾರವಿದೆ.

ವಯಸ್ಸೊಂದೇ ಏಕೆ ಸಾಲದು?

ಒಂದೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಉತ್ತರ ದೊರೆಯುತ್ತದೆ. ಹುಡುಗರಲ್ಲಿ ಪ್ರಾಯದ ಬದಲಾವಣೆಗಳು 9ರಿಂದ 14 ವರ್ಷದ ನಡುವೆ ಯಾವಾಗ ಬೇಕಾದರೂ ಆರಂಭವಾಗಬಹುದು. ಎತ್ತರ ಅತಿ ವೇಗವಾಗಿ ಏರುವ ಕಾಲ ಹುಡುಗಿಯರಲ್ಲಿ ಸರಾಸರಿ 12ರ ಆಸುಪಾಸು, ಹುಡುಗರಲ್ಲಿ 14ರ ಆಸುಪಾಸು. ಆದ್ದರಿಂದ ಜನನ ಪ್ರಮಾಣಪತ್ರದ ಪ್ರಕಾರ ಸಮವಯಸ್ಕರಾದ ಇಬ್ಬರು ಹುಡುಗರಲ್ಲಿ ಒಬ್ಬ ಮೀಸೆ ಚಿಗುರಿದ ಯುವಕನಂತೆಯೂ ಇನ್ನೊಬ್ಬ ಪ್ರಾಥಮಿಕ ಶಾಲೆಯ ಬಾಲಕನಂತೆಯೂ ಕಾಣುವುದು ಸಹಜ.

ತೂಕದ ಮಿತಿ ಈ ಅಂತರವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಆದರೆ ತೂಕವೊಂದನ್ನೇ ನೆಚ್ಚಿಕೊಂಡರೂ ತೊಂದರೆಯಿದೆ. 55 ಕೆ.ಜಿ. ತೂಗುವ 22ರ ಯುವಕನ ಸ್ನಾಯುಬಲ, ಆಟದ ಅನುಭವ, ಮೂಳೆಯ ಗಟ್ಟಿತನ ಅಷ್ಟೇ ತೂಗುವ 14ರ ಹುಡುಗನಿಗಿಂತ ಬಹಳ ಹೆಚ್ಚು. ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿರುವ ಮೃದು ಪದರ ಪೆಟ್ಟಿಗೆ ಬೇಗ ಈಡಾಗುತ್ತದೆ. ಹೀಗಾಗಿ ವಯಸ್ಸು ಮತ್ತು ತೂಕ ಎರಡನ್ನೂ ಒಟ್ಟಿಗೆ ನೋಡುವ ಫೆಡರೇಷನ್ ಪದ್ಧತಿಯೇ ಊರಿನ ಪಂದ್ಯಗಳಿಗೂ ಸೂಕ್ತ.

ಇನ್ನೊಂದು ಅಪಾಯವೂ ಇದೆ. ಒಂದೆರಡು ಕೆ.ಜಿ. ಹೆಚ್ಚಿರುವ ಹುಡುಗ ತೂಕದ ದಿನ ಊಟ ಬಿಟ್ಟು, ನೀರನ್ನೂ ಕುಡಿಯದೆ, ಬಿಸಿಲಿನಲ್ಲಿ ಓಡಿ ಬೆವರು ಹರಿಸಿ ಮಿತಿಯೊಳಗೆ ಬರಲು ಯತ್ನಿಸಬಹುದು. ಇದು ಎಷ್ಟು ಗಂಭೀರ ಎಂಬುದಕ್ಕೆ ಕುಸ್ತಿ ಲೋಕದಲ್ಲಿ ಉದಾಹರಣೆಯಿದೆ. 1997ರಲ್ಲಿ ಅಮೆರಿಕದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಯತ್ನದಲ್ಲಿ ಸಾವಿಗೀಡಾದರು. ಅನಂತರವೇ ಅಲ್ಲಿ ನಿಯಮಗಳು ಬಿಗಿಯಾದವು. ಬೆಳೆಯುವ ಮಗುವಿನ ತೂಕ ಏರುವುದು ಆರೋಗ್ಯದ ಲಕ್ಷಣ. ಮಿತಿ ಮೀರಿದ ಹುಡುಗನನ್ನು ಹಸಿವಿನಲ್ಲಿ ಇರಿಸುವುದಕ್ಕಿಂತ ಮೇಲಿನ ವಿಭಾಗಕ್ಕೆ ಸೇರಿಸುವುದು ಲೇಸು.

ರಗ್ಬಿಯಿಂದ ಕಲಿಯಬಹುದಾದದ್ದು

2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಚೊಚ್ಚಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಆಡಿದ್ದರಿಂದ ರಗ್ಬಿ ಕನ್ನಡಿಗರಿಗೆ ತೀರಾ ಅಪರಿಚಿತವಲ್ಲ. ಆ ಆಟ ಬೇರೂರಿರುವ ದೇಶಗಳಲ್ಲಿ ಕಿರಿಯರಿಗೆ ದೊಡ್ಡವರ ಆಟವನ್ನು ಹಂತಹಂತವಾಗಿ ಕಲಿಸಲಾಗುತ್ತದೆ. ಇಂಗ್ಲೆಂಡ್‌ನಲ್ಲಿ 7 ಮತ್ತು 8 ವರ್ಷದೊಳಗಿನವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಆಡುತ್ತಾರೆ. ಎದುರಾಳಿಯ ಪಟ್ಟಿ ಕಿತ್ತರೆ ಹಿಡಿದಂತೆಯೇ ಲೆಕ್ಕ. ಮೈಹಿಡಿತ ಶುರುವಾಗುವುದು 9 ವರ್ಷದೊಳಗಿನವರ ವಿಭಾಗದಿಂದ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ವಯಸ್ಸಿನೊಂದಿಗೆ ತೂಕದ ಮಿತಿಯನ್ನೂ ಹಾಕುವ ಪದ್ಧತಿ ಬೆಳೆದುಬಂದಿದೆ.

2023ರಲ್ಲಿ ಇಂಗ್ಲೆಂಡ್‌ನ ರಗ್ಬಿ ಮಂಡಳಿ ಸ್ಥಳೀಯ ಮಟ್ಟದ ಪಂದ್ಯಗಳಲ್ಲಿ ಎದೆಮೂಳೆಯ ಕೆಳತುದಿಗಿಂತ ಮೇಲೆ ಹಿಡಿಯುವುದನ್ನು ನಿಷೇಧಿಸಿತು. ತಲೆಗಳು ಪರಸ್ಪರ ಬಡಿಯುವುದನ್ನು ತಪ್ಪಿಸುವುದು ಇದರ ಉದ್ದೇಶ. ಆಟದ ರೋಚಕತೆ ಕುಂದುತ್ತದೆಂಬ ಆಕ್ಷೇಪವೂ ಬಂತು.

ಕಬಡ್ಡಿಯ ನಿಯಮಗಳಲ್ಲಿಯೂ ರಕ್ಷಣೆಯ ಅಂಶಗಳಿಗೆ ಕೊರತೆಯಿಲ್ಲ. ದಾಳಿಗಾರನ ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು, ಕೂದಲು ಅಥವಾ ಬಟ್ಟೆ ಹಿಡಿದೆಳೆಯುವುದು, ಎರಡೂ ಕಾಲುಗಳನ್ನು ಕತ್ತರಿಯಂತೆ ಸುತ್ತಿ ಹಿಡಿಯುವುದು, ಗಾಯವಾಗುವಂತೆ ಒರಟಾಗಿ ಹಿಡಿಯುವುದು ಎಲ್ಲವೂ ತಪ್ಪು. ಆಟಗಾರರು ಉಗುರು ಕತ್ತರಿಸಿಕೊಂಡಿರಬೇಕು, ಮೈಗೆ ಎಣ್ಣೆ ಸವರಿಕೊಂಡಿರಬಾರದು. ಹಸಿರು ಕಾರ್ಡ್ ಎಚ್ಚರಿಕೆ, ಹಳದಿ ಕಾರ್ಡ್ 2 ನಿಮಿಷ ಹೊರಗೆ, ಕೆಂಪು ಕಾರ್ಡ್ ಪಂದ್ಯದಿಂದಲೇ ಹೊರಗೆ. ಕೊರತೆಯಿರುವುದು ಇವುಗಳನ್ನು ಮಕ್ಕಳ ಪಂದ್ಯದಲ್ಲಿ ಕಟ್ಟುನಿಟ್ಟಾಗಿ ಜಾರಿಗೆ ತರುವ ತೀರ್ಪುಗಾರರದು.

ವಯಸ್ಸಿನ ಪುರಾವೆ

ಹಳೆಯ ತಲೆಮಾರಿನ ಅನೇಕರ ಶಾಲಾ ದಾಖಲೆಯಲ್ಲಿ ಜನ್ಮದಿನ ಜೂನ್ 1 ಎಂದಿರುವುದನ್ನು ಕನ್ನಡಿಗರು ಬಲ್ಲರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ದಿನಾಂಕವದು. ಅಲ್ಲಿ ವಂಚನೆಯ ಉದ್ದೇಶವಿರಲಿಲ್ಲ. ಕ್ರೀಡೆಯಲ್ಲಿ ವಯಸ್ಸು ಇಳಿಸುವುದು ಬೇರೆಯದೇ ವಿಷಯ. ಕ್ರೀಡಾ ವಸತಿನಿಲಯದ ಪ್ರವೇಶ, ಕಾಲೇಜು ಸೀಟು, ಕ್ರೀಡಾ ಮೀಸಲಿನ ನೌಕರಿ, 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ತೆರೆದುಕೊಂಡ ಹೊಸ ಅವಕಾಶ, ಇವೆಲ್ಲದರ ಆಸೆ ಇದರ ಹಿಂದಿರುತ್ತದೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಲೀಗ್‌ನ ಪ್ರಶಸ್ತಿ ಗೆದ್ದ ಬಳಿಕ ರಾಜ್ಯದ ಹುಡುಗರಲ್ಲಿ ಆ ಆಸೆ ಇನ್ನಷ್ಟು ಗಟ್ಟಿಯಾಗಿದ್ದರೆ ಅಚ್ಚರಿಯಿಲ್ಲ.

ಆದರೆ 19ರ ಯುವಕ 16ರ ಒಳಗಿನವನೆಂದು ಆಡಿದಾಗ ನಿಜವಾದ 15ರ ಹುಡುಗನೊಬ್ಬ ತಂಡದಿಂದ ಹೊರಗುಳಿಯುತ್ತಾನೆ. ಅವನು ಪ್ರತಿಭೆಯಲ್ಲಿ ಸೋತದ್ದಲ್ಲ, ಕಾಗದದಲ್ಲಿ ಸೋತದ್ದು. ಎದುರು ತಂಡದಲ್ಲಿರುವ ಇನ್ನೊಬ್ಬ ಹುಡುಗ ಆ ಬಲವಾದ ಹಿಡಿತಕ್ಕೆ ಸಿಕ್ಕು ಗಾಯಗೊಳ್ಳುವ ಸಂಭವವೂ ಹೆಚ್ಚು. ಹೀಗಾಗಿ ವಯೋವಂಚನೆ ಕೇವಲ ನಿಯಮಭಂಗವಲ್ಲ, ಮಕ್ಕಳ ಸುರಕ್ಷತೆಯ ಪ್ರಶ್ನೆಯೂ ಹೌದು.

ಕೇಂದ್ರ ಕ್ರೀಡಾ ಸಚಿವಾಲಯದ ವಯೋವಂಚನೆ ವಿರೋಧಿ ಸಂಹಿತೆ 2010ರದು. ಅದನ್ನು ಪರಿಷ್ಕರಿಸುವ ಕರಡನ್ನು ಸಚಿವಾಲಯ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಮೊದಲ ತಪ್ಪಿಗೆ ಎರಡು ವರ್ಷ ನಿಷೇಧ, ಎರಡನೆಯ ತಪ್ಪಿಗೆ ಆಜೀವ ನಿಷೇಧ ಮತ್ತು ಪೊಲೀಸ್ ಪ್ರಕರಣ ಎಂದು ಆ ಕರಡು ಪ್ರಸ್ತಾಪಿಸಿತು.

ವೈದ್ಯಕೀಯ ಪರೀಕ್ಷೆಯೂ ಉಂಟು. ಕೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಗಳ ಬೆಳವಣಿಗೆಯನ್ನು ಅಳೆಯುವ 'ಟಿಡಬ್ಲ್ಯು3' ವಿಧಾನವನ್ನು ಕ್ರಿಕೆಟ್ ಮಂಡಳಿ 2012ರಿಂದ 16 ವರ್ಷದೊಳಗಿನವರಿಗೆ ಬಳಸುತ್ತಿದೆ. ಆದರೆ ಇದು ಮೂಳೆಯ ವಯಸ್ಸನ್ನು ಅಂದಾಜಿಸುತ್ತದೆಯೇ ಹೊರತು ಹುಟ್ಟಿದ ದಿನವನ್ನು ಹೇಳುವುದಿಲ್ಲ. ಬೇಗ ಬೆಳೆದ ಪ್ರಾಮಾಣಿಕ ಮಗುವಿಗೂ ಇದರಿಂದ ಅನ್ಯಾಯವಾಗಬಹುದು.

ಊರಿನ ಸಂಘಟಕರಿಗೆ ಎಕ್ಸ್-ರೇ ಬೇಕಿಲ್ಲ. ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನಾಂಕದ ಜೊತೆಗೆ ನೋಂದಣಿ ಮಾಡಿಸಿದ ದಿನಾಂಕವೂ ಇರುತ್ತದೆ. 1969ರ ಕಾಯ್ದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಅಗತ್ಯ. ಪಂದ್ಯಾವಳಿಗೆ ಕೆಲವೇ ತಿಂಗಳ ಮುನ್ನ ನೋಂದಣಿಯಾದ ಪತ್ರ ಕಂಡುಬಂದರೆ ಶಾಲೆಯ ದಾಖಲಾತಿ ಪುಸ್ತಕದೊಂದಿಗೆ ತಾಳೆ ನೋಡುವುದು ಉಚಿತ. ಒಂದನೇ ತರಗತಿಗೆ ಸೇರಿದ ವರ್ಷವೇ ಬಹುತೇಕ ಸಂದೇಹಗಳನ್ನು ನಿವಾರಿಸುತ್ತದೆ.

ಗಾಯವಾದಾಗ

ಕಬಡ್ಡಿಯಲ್ಲಿ ಸಾಮಾನ್ಯವಾಗಿ ಪೆಟ್ಟು ಬೀಳುವುದು ಮೊಣಕಾಲು, ಪಾದದ ಕೀಲು, ಭುಜ ಮತ್ತು ಬೆರಳುಗಳಿಗೆ. ಪಾದ ಹಿಡಿದಾಗ ದಾಳಿಗಾರ ತಿರುಗಿ ನಡುಗೆರೆಯತ್ತ ಜಿಗಿಯುವುದರಿಂದ ಮೊಣಕಾಲಿನ ಅಸ್ಥಿರಜ್ಜು ಹರಿಯುವ ಅಪಾಯವಿದೆ. ಉಳುಕಿದ ಕೀಲನ್ನು ಜಗ್ಗಿ 'ಕೂರಿಸುವ' ಪ್ರಯತ್ನ ಸಲ್ಲದು. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಬಟ್ಟೆಯ ಪಟ್ಟಿ ಕಟ್ಟಿ, ಆ ಭಾಗವನ್ನು ಎತ್ತರದಲ್ಲಿರಿಸಿ ವೈದ್ಯರಲ್ಲಿಗೆ ಒಯ್ಯಬೇಕು.

ಹೆಚ್ಚು ಎಚ್ಚರ ಬೇಕಿರುವುದು ತಲೆಯ ಪೆಟ್ಟಿನ ವಿಷಯದಲ್ಲಿ. ಮಗು ಮಂಕಾದರೆ, ವಾಂತಿ ಮಾಡಿದರೆ, ಅಂಕ ಎಷ್ಟಾಯಿತೆಂಬುದು ನೆನಪಿಲ್ಲವೆಂದರೆ ಅಂದಿನ ಆಟ ಮುಗಿಯಿತೆಂದೇ ತಿಳಿಯಬೇಕು. ಬ್ರಿಟನ್ 2023ರಲ್ಲಿ ಸ್ಥಳೀಯ ಕ್ರೀಡೆಗಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಇಂಥ ಪೆಟ್ಟಾದವರು ಕನಿಷ್ಠ 21 ದಿನ ಸ್ಪರ್ಧೆಗೆ ಮರಳುವಂತಿಲ್ಲ. ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಅಂಕಣಕ್ಕೆ ತಳ್ಳುವ ರೂಢಿಯನ್ನು ನಮ್ಮಲ್ಲಿಯೂ ಕೈಬಿಡಬೇಕಿದೆ.

ಸಂಘಟಕರು ಮತ್ತು ಪಾಲಕರ ಗಮನಕ್ಕೆ

- ವಯಸ್ಸು, ತೂಕ ಎರಡರ ಮಿತಿಯನ್ನೂ ಕರಪತ್ರದಲ್ಲಿ ಸ್ಪಷ್ಟಪಡಿಸುವುದು.
- ತೂಕವನ್ನು ಎರಡೂ ತಂಡಗಳ ಎದುರಿನಲ್ಲಿ, ಒಂದೇ ಯಂತ್ರದಲ್ಲಿ ನೋಡುವುದು.
- ಸಬ್ ಜೂನಿಯರ್‌ಗಳಿಗೆ ಚಿಕ್ಕ ಅಂಕಣ, 15 ನಿಮಿಷದ ಅವಧಿ.
- ಮಣ್ಣಿನ ಅಂಕಣವಾದರೆ ಕಲ್ಲು ಆರಿಸಿ, ಮಣ್ಣು ಸಡಿಲಿಸಿ, ನೀರು ಚಿಮುಕಿಸಿ ಹದಗೊಳಿಸುವುದು.
- ಪ್ರಥಮ ಚಿಕಿತ್ಸೆ ಮತ್ತು ಒಂದು ವಾಹನ ಸಿದ್ಧವಿರುವುದು. ತುರ್ತು ಸಂದರ್ಭಕ್ಕೆ 108 ಆಂಬ್ಯುಲೆನ್ಸ್ ಸೇವೆ ಲಭ್ಯ.
- ಮಕ್ಕಳ ಪಂದ್ಯಗಳನ್ನು ಮಧ್ಯರಾತ್ರಿಗೆ ಉಳಿಸದೆ ಹಗಲಿನಲ್ಲಿಯೇ ಮುಗಿಸುವುದು.

ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಿಂದ ಬಂದ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದು, 2014ರಲ್ಲಿ ಅರ್ಜುನ ಪ್ರಶಸ್ತಿಗೆ ಭಾಜನರಾದರು. ಹಳ್ಳಿಯ ಅಂಕಣದಿಂದ ಅಷ್ಟು ದೂರ ಸಾಗಬಹುದೆಂಬ ನಂಬಿಕೆಯೇ ಇಂದಿಗೂ ಮಕ್ಕಳನ್ನು ವಾರಾಂತ್ಯದಲ್ಲಿ ಮೈದಾನಕ್ಕೆ ಕರೆತರುತ್ತದೆ. ಆ ನಂಬಿಕೆ ಉಳಿಯಬೇಕಾದರೆ, ಅಂಕಣಕ್ಕೆ ಇಳಿಯುವ ಹುಡುಗನ ಎದುರು ನಿಲ್ಲುವವನು ಅವನ ವಯಸ್ಸಿನವನೇ ಆಗಿರಬೇಕು, ಹೆಚ್ಚುಕಡಿಮೆ ಅವನ ತೂಕದವನೇ ಆಗಿರಬೇಕು. ಅಷ್ಟನ್ನು ಖಚಿತಪಡಿಸುವುದು ಮಕ್ಕಳ ಕೆಲಸವಲ್ಲ, ದೊಡ್ಡವರ ಹೊಣೆ.