ಏಕಾಂತದ ರಾಮಯ್ಯನ ಚರಿತ್ರೆಯನ್ನು ಬರೆಯುವ ಬಗೆ

ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ಧರ್ಮಪುರುಷರಲ್ಲಿ ಏಕಾಂತದ ರಾಮಯ್ಯನಷ್ಟು ವಿವಾದಾಸ್ಪದರಾದವರು ವಿರಳ. ಶೈವ ಪರಂಪರೆಗೆ ಆತ ತನ್ನ ಶಿರಸ್ಸನ್ನೇ ಶಿವನಿಗರ್ಪಿಸಿ ಮರಳಿ ಪಡೆದ ಮಹಾಭಕ್ತ. ಜೈನರಿಗೆ ಜಿನಬಿಂಬವನ್ನು ಒಡೆದವನು. ವಿಶ್ವಕೋಶಕ್ಕೆ ಈತನ ಜೀವನಚರಿತ್ರೆಯನ್ನು ಬರೆಯುವವರು, ಅದರಲ್ಲಿಯೂ ಬರೆಯುವವರು ಜೈನರಾಗಿದ್ದರೆ, ಯಾವ ಮಾತು ಯಾವ ಆಕರದ್ದೆಂಬುದನ್ನು ವಾಕ್ಯ ವಾಕ್ಯಕ್ಕೂ ಹೇಳಬೇಕಾಗುತ್ತದೆ.

ಪ್ರಧಾನ ಆಕರ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ. ಕಾಲ ಸುಮಾರು 1200. ಜೆ.ಎಫ್. ಫ್ಲೀಟರು ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನದ ಪ್ರಕಾರ ರಾಮಯ್ಯನು ಆಳಂದೆಯ ಪುರುಷೋತ್ತಮ ಭಟ್ಟ ಮತ್ತು ಪದ್ಮಾಂಬಿಕೆಯರ ಮಗ. ಅಬ್ಬಲೂರಿನಲ್ಲಿ ಸಂಕಗಾವುಂಡನ ಮುಂದಾಳುತನದ ಜೈನರೊಡನೆ ವಾದ ಬೆಳೆಯಿತು. ತಾನು ತಲೆಯನ್ನರಿದು ಮತ್ತೆ ಪಡೆದರೆ ಅವರು ಜಿನನನ್ನು ತೆಗೆದು ಶಿವನನ್ನು ಸ್ಥಾಪಿಸಬೇಕೆಂಬುದು ಪಣ. ಏಳನೆಯ ದಿನ ತಲೆ ಕಲೆಯಿಲ್ಲದೆ ಕೂಡಿತು. ಜೈನರು ಒಪ್ಪದಿರಲು ಆತ ಬಿಂಬವನ್ನು ಒಡೆದನು. ದೂರು ಬಿಜ್ಜಳನ ಬಳಿಗೆ ಹೋಯಿತು. ರಾಮಯ್ಯನು ಪುನಃ ಪಣಕ್ಕೆ ಸಿದ್ಧನಾದಾಗ ಜೈನರು ಹಿಂದೆ ಸರಿದರು. ಅರಸನು ಆತನಿಗೆ ಜಯಪತ್ರವನ್ನೂ, ವೀರಸೋಮನಾಥನಿಗೆ ಗೋಗಾವೆ ಎಂಬ ಊರನ್ನೂ ಕೊಟ್ಟನು.

ಈ ಕಥನದಲ್ಲಿ ಎರಡು ಪದರಗಳಿವೆ. ಬಿಜ್ಜಳನ ದತ್ತಿ, ಅನಂತರ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಮತ್ತು ಹಾನಗಲ್ಲಿನ ಕದಂಬ ಕಾಮದೇವನ ದತ್ತಿಗಳು: ಇವು ಶಾಸನ ಹುಟ್ಟಿದ ಉದ್ದೇಶಕ್ಕೇ ಸೇರಿದ ಸಂಗತಿಗಳು. ಶಿರಚ್ಛೇದವಾದರೋ ಗೆದ್ದ ಪಕ್ಷ ಕೆಲವು ದಶಕಗಳ ಅನಂತರ ಕಲ್ಲಿನಲ್ಲಿ ಬರೆಸಿದ ನಂಬಿಕೆ. ಅದನ್ನು ನಡೆದ ಸಂಗತಿಯೆಂದು ಬರೆಯಲಾಗದು, ವಂಚನೆಯೆಂದು ಬರೆಯಲು ಆಧಾರವೂ ಇಲ್ಲ. ಬಿಂಬಭಂಗದ ಮಾತು ಬೇರೆ. ಅದನ್ನು ಹೇಳುತ್ತಿರುವವರು ವಿರೋಧಿಗಳಲ್ಲ. ಆತನ ಅನುಯಾಯಿಗಳೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ, ಅದೇ ಗುಡಿಯ ಶಿಲ್ಪಪಟ್ಟಿಕೆಗಳಲ್ಲಿ ಕೆತ್ತಿಸಿಯೂ ಇದ್ದಾರೆ. ಆದುದರಿಂದ ಅದನ್ನು ಮೃದುಗೊಳಿಸಿ 'ಧಾರ್ಮಿಕ ಸಂವಾದ' ಎಂದು ಬರೆಯುವುದು ಆಕರಕ್ಕೇ ಅನ್ಯಾಯ.

ನಮ್ಮ ಕಡೆಯಿಂದಲೂ ಎಚ್ಚರ ಬೇಕು. ಶಾಸನದಲ್ಲಿ ಪುಲಿಗೆರೆಯ ಆನೆಸೆಜ್ಜೆಯ ಬಸದಿಯೂ ಸೇರಿ ಎಂಟುನೂರು ಬಸದಿಗಳ ಮಾತು ಬರುತ್ತದೆ. ಅದು ಎರಡನೆಯ, ನಡೆಯದೆ ಹೋದ ಪಣದ ಮಾತು. ಧ್ವಂಸವಾದ ಬಸದಿಗಳ ಲೆಕ್ಕವಲ್ಲ. ಹಾಗೆಯೇ ವೀರಶೈವ ಪುರಾಣಗಳು ಜೈನಪಕ್ಷಪಾತಿಯೆಂದು ಚಿತ್ರಿಸುವ ಬಿಜ್ಜಳನು ಇಲ್ಲಿ ಶೈವನಿಗೆ ಜಯಪತ್ರ ಕೊಡುತ್ತಾನೆ. ಈ ವಿರೋಧವನ್ನು ಬಿಡಿಸದೆ ಹಾಗೆಯೇ ಓದುಗರ ಮುಂದಿಡುವುದು ಲೇಸು.

ಪವಾಡಗಳ ವಿಷಯದಲ್ಲಿ ಅಳತೆಗೋಲು ಒಂದೇ ಇರಬೇಕು. ಚಿಮ್ಮಡ, ರಬಕವಿಗಳ ನೆರೆಯ ತೇರದಾಳದಲ್ಲಿ ಮಾಂಡಲಿಕ ಗೊಂಕನು 1123ರಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದನು. ಹಾವು ಕಚ್ಚಿದಾಗ ಪಂಚಪರಮೇಷ್ಠಿಗಳ ನಾಮೋಚ್ಚಾರದಿಂದ ಅವನ ವಿಷವಿಳಿಯಿತೆಂದು ಅಲ್ಲಿಯ ಶಾಸನ ಹೇಳುತ್ತದೆ. ಗೊಂಕನ ಚರಿತ್ರೆಯಲ್ಲಿ ಇದನ್ನು 'ವಿಷವಿಳಿಯಿತು' ಎಂದೂ, ರಾಮಯ್ಯನದನ್ನು 'ಕಟ್ಟುಕಥೆ' ಎಂದೂ ಬರೆದರೆ ಆ ವಿಶ್ವಕೋಶವನ್ನು ಯಾರು ನಂಬಿಯಾರು? ಎರಡೂ ಕಡೆ 'ಶಾಸನ ಹೇಳುತ್ತದೆ' ಎಂಬ ಒಂದೇ ಕ್ರಿಯಾಪದ ಸಾಕು.

ಆಕರಗಳ ಮೌನದಿಂದ ತೀರ್ಮಾನಕ್ಕೆ ಬರುವುದು ಇನ್ನೂ ಅಪಾಯಕರ. ಅಬ್ಬಲೂರಿನ ಶಾಸನದಲ್ಲಿ ಬಸವಣ್ಣನವರ ಹೆಸರಿಲ್ಲ. ಇದರ ಬಲದ ಮೇಲೆ ಫ್ಲೀಟರು ವೀರಶೈವ ಪುನರುತ್ಥಾನದ ಮುಖ್ಯ ಪಾತ್ರವನ್ನು ರಾಮಯ್ಯನಿಗೇ ಕೊಡಲು ಹೊರಟರು. ಮುಂದೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಬೆಳಕಿಗೆ ಬಂದು, ಬಸವಣ್ಣನವರ ಹೆಸರು ಕಲ್ಲಿನಲ್ಲಿಯೂ ದೊರೆಯಿತು. ಹರಿಹರನ ರಗಳೆ, ಪಾಲ್ಕುರಿಕಿ ಸೋಮನಾಥನ ತೆಲುಗು ಬಸವಪುರಾಣ, ಭೀಮಕವಿಯ 1369ರ ಕನ್ನಡ ಬಸವಪುರಾಣಗಳನ್ನು ಶಾಸನದ ಖಾಲಿ ಜಾಗಗಳಿಗೆ ತುಂಬುವ ಸಾಮಗ್ರಿಯಾಗಿ ಬಳಸದೆ, ರಾಮಯ್ಯನ ನೆನಪು ಬೆಳೆದ ಬಗೆಗೆ ಸಾಕ್ಷ್ಯವಾಗಿ ಪ್ರತ್ಯೇಕ ಭಾಗದಲ್ಲಿ ಇಡಬೇಕು.

ಲೇಖನದ ಮೊದಲ ವಾಕ್ಯದಲ್ಲಿ ಆತನನ್ನು ಶೈವ ಶರಣನೆಂದು ಕರೆಯಲಿ; 'ಮತಾಂಧ' ಎಂಬ ತೀರ್ಪಿನ ಪದ ಬೇಡ. ಎರಡನೆಯ ವಾಕ್ಯದಲ್ಲಿ ಒಡೆದ ಬಿಂಬ ಬರಲಿ, ಸಂಕಗಾವುಂಡನ ಹೆಸರಿನೊಡನೆ. ಆ ಗಾವುಂಡನ ಮಾತುಗಳು ನಮಗೆ ದೊರೆಯುವುದು ಎದುರಾಳಿಯ ಶಾಸನದಲ್ಲಿ ಮಾತ್ರ ಎಂಬುದನ್ನೂ ಅಲ್ಲಿಯೇ ಹೇಳಬೇಕು.